ಹಿಮಕುಸಿತದಡಿ ಸಿಲುಕಿದವರು: ಮೊದಲ 10 ನಿಮಿಷಗಳಲ್ಲೇ ಜೀವನ್ಮರಣದ ನಿರ್ಣಯ

2012ರ ಫೆಬ್ರುವರಿ 17ರಂದು ಆಸ್ಟ್ರಿಯದ ಲೆಖ್ ಎಂಬ ಪರ್ವತ ಗ್ರಾಮದ ಸಮೀಪ ಇಬ್ಬರು ಗೆಳೆಯರು ಗುರುತು ಹಾಕಿದ ಸ್ಕೀ ಮಾರ್ಗವನ್ನು ಬಿಟ್ಟು, ಯಾರೂ ತುಳಿಯದ ಹೊಸ ಹಿಮದ ಇಳಿಜಾರಿಗೆ ಇಳಿದರು. ಹಿಮಕುಸಿತದ ಎಚ್ಚರಿಕೆ ಅಂದು ಐದು ಹಂತಗಳ ಮಾಪನದಲ್ಲಿ ನಾಲ್ಕನೆಯ ಹಂತದಲ್ಲಿತ್ತು. ಇಳಿಜಾರು ಕುಸಿಯಿತು. ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡಿದ್ದ ಒಬ್ಬರು ಪಾರಾದರು. ಇನ್ನೊಬ್ಬರು ಹಿಮದಡಿ ಹೂತುಹೋದರು. ಅವರು ನೆದರ್‌ಲ್ಯಾಂಡ್ಸ್‌ನ ಆಗಿನ ರಾಣಿ ಬಿಯಾಟ್ರಿಕ್ಸ್ ಅವರ ಎರಡನೆಯ ಪುತ್ರ, 43 ವರ್ಷದ ರಾಜಕುಮಾರ ಫ್ರಿಸೊ.

ಅವರ ಬಳಿ ಸಂಕೇತ ಕಳುಹಿಸುವ ಉಪಕರಣವಿತ್ತು. ಅದರ ನೆರವಿನಿಂದಲೇ ಅವರನ್ನು ಪತ್ತೆಹಚ್ಚಿ ಹೊರತೆಗೆಯಲಾಯಿತು. ಆದರೆ ಅಷ್ಟರಲ್ಲಿ ಸುಮಾರು 25 ನಿಮಿಷಗಳು ಕಳೆದಿದ್ದವು. ಹೃದಯ ಸ್ತಂಭಿಸಿತ್ತು. ಸುಮಾರು 50 ನಿಮಿಷಗಳ ಸತತ ಪ್ರಯತ್ನದ ಬಳಿಕ ಹೃದಯ ಮತ್ತೆ ಮಿಡಿಯಿತಾದರೂ, ಆಮ್ಲಜನಕವಿಲ್ಲದೆ ಮಿದುಳಿಗೆ ಆಗಿದ್ದ ಹಾನಿ ಸರಿಹೋಗಲಿಲ್ಲ. ಸುಮಾರು ಒಂದೂವರೆ ವರ್ಷದ ನಂತರ, 2013ರ ಆಗಸ್ಟ್ 12ರಂದು ಅವರು ನಿಧನರಾದರು.

ಯುರೋಪಿನ ಅತ್ಯುತ್ತಮ ರಕ್ಷಣಾ ವ್ಯವಸ್ಥೆ, ಹೆಲಿಕಾಪ್ಟರ್, ನುರಿತ ವೈದ್ಯರು ಎಲ್ಲವೂ ಸಮೀಪದಲ್ಲಿದ್ದೂ ಈ ಸಾವು ಸಂಭವಿಸಿತು. ಹಿಮದಡಿ ಸಿಲುಕಿದವರ ಉಳಿವು ಹೊರಗಿನಿಂದ ಬರುವ ನೆರವಿಗಿಂತ ಹೆಚ್ಚಾಗಿ ಮೊದಲ 10-15 ನಿಮಿಷಗಳನ್ನೂ, ಆ ಹೊತ್ತಿನಲ್ಲಿ ಸ್ಥಳದಲ್ಲಿಯೇ ಇರುವ ಸಂಗಡಿಗರನ್ನೂ ಅವಲಂಬಿಸಿದೆ ಎಂಬುದನ್ನು ಕಳೆದ ಮೂರು ದಶಕಗಳ ಅಧ್ಯಯನಗಳು ಮತ್ತೆ ಮತ್ತೆ ದೃಢಪಡಿಸಿವೆ. ಗುಲ್ಮಾರ್ಗ್, ಔಲಿ, ಮನಾಲಿಗಳಿಗೆ ಚಳಿಗಾಲದಲ್ಲಿ ತೆರಳುವ ಭಾರತೀಯ ಪ್ರವಾಸಿಗರಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಏನಿದು ‘ಆಫ್ ಪೀಸ್ಟ್’?

ಸ್ಕೀ ಕೇಂದ್ರಗಳಲ್ಲಿ ಹಿಮವನ್ನು ಯಂತ್ರಗಳಿಂದ ಸಮತಟ್ಟು ಮಾಡಿ, ಕಂಬ ಹಾಗೂ ಬಣ್ಣದ ಗುರುತುಗಳನ್ನು ನೆಟ್ಟು ಸಿದ್ಧಪಡಿಸಿದ ಮಾರ್ಗಕ್ಕೆ ‘ಪೀಸ್ಟ್’ ಎಂದು ಹೆಸರು. ಇದು ಫ್ರೆಂಚ್ ಮೂಲದ ಪದ. ಅಪಾಯವಿದ್ದಾಗ ಈ ಮಾರ್ಗಗಳನ್ನು ಮುಚ್ಚಲಾಗುತ್ತದೆ. ಮೇಲ್ಭಾಗದ ಇಳಿಜಾರುಗಳಲ್ಲಿ ಸ್ಫೋಟಕಗಳನ್ನು ಬಳಸಿ, ಬೀಳಬಹುದಾದ ಹಿಮವನ್ನು ಮೊದಲೇ ಬೀಳಿಸಿಬಿಡುವ ಪದ್ಧತಿಯೂ ಇದೆ. ಈ ಮೇಲ್ವಿಚಾರಣೆಯ ಗಡಿಯನ್ನು ದಾಟಿ, ಹೊಸ ಹಿಮದ ಮೃದುತ್ವವನ್ನು ಅರಸಿ ಇಳಿಯುವುದೇ ‘ಆಫ್ ಪೀಸ್ಟ್’ ಸ್ಕೀಯಿಂಗ್. ಅಲ್ಲಿ ಗುರುತುಗಳಿಲ್ಲ, ಕಾವಲಿಲ್ಲ, ಇಳಿಜಾರಿನ ಪರೀಕ್ಷೆಯೂ ನಡೆದಿರುವುದಿಲ್ಲ.

ಆಲ್ಪ್ಸ್ ಪರ್ವತ ಶ್ರೇಣಿಯಲ್ಲಿ ಹಿಮಕುಸಿತಗಳಿಗೆ ಪ್ರತಿವರ್ಷ ಸರಾಸರಿ ಸುಮಾರು 100 ಮಂದಿ ಬಲಿಯಾಗುತ್ತಾರೆ. ಇವರಲ್ಲಿ ಬಹುಪಾಲು ಜನ ಹೀಗೆ ಮಾರ್ಗ ಬಿಟ್ಟು ಇಳಿದವರು ಅಥವಾ ಪರ್ವತ ಚಾರಣಕ್ಕೆ ಹೋದವರು. ಮನೆ, ರಸ್ತೆಗಳ ಮೇಲೆ ಹಿಮ ಬಿದ್ದು ಸಾಯುವವರ ಸಂಖ್ಯೆ ತಡೆಗೋಡೆಗಳು ಹಾಗೂ ಮುನ್ಸೂಚನೆಯ ಕಾರಣದಿಂದ ಅಲ್ಲಿ ಬಹಳ ಕಡಿಮೆಯಾಗಿದೆ.

ಇಳಿಜಾರು ಕುಸಿಯುವ ಬಗೆ

ಕನ್ನಡದಲ್ಲಿ ‘ಹಿಮಪಾತ’ ಎಂಬ ಪದವನ್ನು ಹಿಮ ಸುರಿಯುವುದಕ್ಕೂ ಹಿಮ ಜಾರಿಬೀಳುವುದಕ್ಕೂ ಬಳಸುವುದುಂಟು. ಇವೆರಡೂ ಬೇರೆ ಬೇರೆ. ಪರ್ವತದ ಇಳಿಜಾರಿನಲ್ಲಿ ಈಗಾಗಲೇ ಸಂಗ್ರಹವಾಗಿರುವ ಹಿಮರಾಶಿ ಒಮ್ಮೆಲೇ ಜಾರುವುದೇ ಹಿಮಕುಸಿತ. ಅದರಲ್ಲಿಯೂ ಸ್ಕೀಯರ್‌ಗಳ ಪಾಲಿಗೆ ಅತ್ಯಂತ ಮಾರಕವಾದದ್ದು ‘ಹಲಗೆ ಕುಸಿತ’.

ಚಳಿಗಾಲದುದ್ದಕ್ಕೂ ಬೀಳುವ ಹಿಮ ಪದರ ಪದರವಾಗಿ ಕೂಡುತ್ತದೆ. ಕೆಲವು ಪದರಗಳು ಗಟ್ಟಿಯಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮತ್ತೆ ಕೆಲವು, ಸಕ್ಕರೆ ಹರಳಿನಂತಹ ಬಿಡಿ ಕಣಗಳಾಗಿಯೇ ಉಳಿಯುತ್ತವೆ. ಓರೆಯಾಗಿಟ್ಟ ಮಣೆಯ ಮೇಲೆ ಸಾಸಿವೆ ಹರಡಿ, ಅದರ ಮೇಲೊಂದು ಹಲಗೆಯನ್ನಿಟ್ಟರೆ ಹೇಗಿರುತ್ತದೆಯೋ ಅಂತಹದೇ ಸ್ಥಿತಿ ಅಲ್ಲಿ ನಿರ್ಮಾಣವಾಗುತ್ತದೆ. ಸ್ಕೀಯರ್‌ನ ಭಾರ ಬಿದ್ದೊಡನೆ ಕೆಳಗಿನ ದುರ್ಬಲ ಪದರ ಮುರಿದು, ಆ ಬಿರುಕು ಕ್ಷಣಮಾತ್ರದಲ್ಲಿ ಇಡೀ ಇಳಿಜಾರಿಗೆ ಹಬ್ಬಿ, ಮೇಲಿನ ಹಲಗೆ ತುಂಡುತುಂಡಾಗಿ ಜಾರತೊಡಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅದರ ವೇಗ ಗಂಟೆಗೆ 80 ಕಿ.ಮೀ.ಗೂ ಮೀರಬಹುದು.

ಇಂತಹ ಕುಸಿತಗಳು ಬಹುತೇಕ 30ರಿಂದ 45 ಡಿಗ್ರಿ ಓರೆಯಿರುವ ಇಳಿಜಾರುಗಳಲ್ಲಿ ಸಂಭವಿಸುತ್ತವೆ. ನುರಿತ ಸ್ಕೀಯರ್‌ಗಳು ಅತಿಯಾಗಿ ಮೆಚ್ಚುವ ಇಳಿಜಾರೂ ಇದೇ ಆಗಿರುವುದು ವಿಪರ್ಯಾಸ. ಮತ್ತೊಂದು ಗಮನಾರ್ಹ ಸಂಗತಿಯೆಂದರೆ, ಸಾವಿಗೆ ಕಾರಣವಾದ ಇಂತಹ ಅಪಘಾತಗಳಲ್ಲಿ 10ರಲ್ಲಿ ಸುಮಾರು 9ನ್ನು ಪ್ರಚೋದಿಸಿದವರು ಸಿಲುಕಿಕೊಂಡವರೇ ಅಥವಾ ಅವರ ತಂಡದವರೇ ಆಗಿರುತ್ತಾರೆ. ಹಾಗಾಗಿ ಇದನ್ನು ಕೇವಲ ಪ್ರಕೃತಿ ವಿಕೋಪವೆಂದು ಪರಿಗಣಿಸಲು ತಜ್ಞರು ಒಪ್ಪುವುದಿಲ್ಲ.

ಹಿಮದಡಿ ದೇಹಕ್ಕೆ ಆಗುವುದೇನು?

ಆಕಾಶದಿಂದ ಬೀಳುವ ಹೊಸ ಹಿಮ ಹತ್ತಿಯಂತೆ ಹಗುರ. ಆದರೆ ಕುಸಿದು ನಿಂತ ಹಿಮ ಹಾಗಿರುವುದಿಲ್ಲ. ಒಂದು ಘನ ಮೀಟರ್‌ನಷ್ಟು ಕುಸಿದ ಹಿಮ 300ರಿಂದ 400 ಕಿಲೋಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಗುತ್ತದೆ. ಜಾರುವಾಗ ಕಣಗಳು ಪರಸ್ಪರ ಉಜ್ಜಿ ನುಣ್ಣಗಾಗಿರುತ್ತವೆ. ಚಲನೆ ನಿಂತೊಡನೆ ಅವು ಒಂದಕ್ಕೊಂದು ಅಂಟಿಕೊಂಡು ಗಾರೆಯಂತೆ ಬಿಗಿಯುತ್ತವೆ. ಒಳಗಿದ್ದವರಿಗೆ ಬೆರಳನ್ನು ಕದಲಿಸುವುದೂ ಅಸಾಧ್ಯವಾಗುತ್ತದೆ. ಹಿಮವನ್ನು ತಾವೇ ಅಗೆದುಕೊಂಡು ಹೊರಬರುವುದು, ಸಂಪೂರ್ಣವಾಗಿ ಹೂತುಹೋದವರಿಗೆ ಬಹುಮಟ್ಟಿಗೆ ಸಾಧ್ಯವಿಲ್ಲದ ಮಾತು.

ಹಿಮದಡಿ ಸಿಲುಕಿದವರು ಚಳಿಯಿಂದ ಹೆಪ್ಪುಗಟ್ಟಿ ಸಾಯುತ್ತಾರೆಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಸುಮಾರು ಮುಕ್ಕಾಲು ಪಾಲು ಸಾವುಗಳಿಗೆ ಉಸಿರುಕಟ್ಟುವಿಕೆಯೇ ಕಾರಣ. ಉಳಿದವುಗಳಲ್ಲಿ ಹೆಚ್ಚಿನವು ಬಂಡೆ, ಮರಗಳಿಗೆ ಅಪ್ಪಳಿಸಿದ್ದರಿಂದ ಅಥವಾ ಕಮರಿಗೆ ಬಿದ್ದದ್ದರಿಂದ ಆದ ಗಾಯಗಳ ಪರಿಣಾಮ. ಚಳಿಯಿಂದಲೇ ಸಾಯುವವರ ಪ್ರಮಾಣ ಅತ್ಯಲ್ಪ. ಏಕೆಂದರೆ ದೇಹ ಮಾರಕವಾಗುವಷ್ಟು ತಣಿಯುವವರೆಗೆ ಬಹುತೇಕರು ಬದುಕಿಯೇ ಇರುವುದಿಲ್ಲ.

ಹಿಮದ ಕಣಗಳ ನಡುವೆ ಗಾಳಿ ಇರುತ್ತದೆ ಎಂಬುದು ನಿಜ. ಆದರೆ ಒಳಗಿದ್ದವರು ಹೊರಬಿಡುವ ಬೆಚ್ಚನೆಯ, ತೇವಭರಿತ ಉಸಿರು ಮುಖದ ಮುಂದಿನ ಹಿಮವನ್ನು ಕರಗಿಸುತ್ತದೆ. ಕರಗಿದ ನೀರು ಮತ್ತೆ ಹೆಪ್ಪುಗಟ್ಟಿ ತೆಳುವಾದ ಮಂಜುಗಡ್ಡೆಯ ಪರೆಯಾಗುತ್ತದೆ. ತಜ್ಞರು ‘ಮಂಜುಗಡ್ಡೆಯ ಮುಖವಾಡ’ ಎಂದು ಕರೆಯುವ ಈ ಪರೆ ಗಾಳಿಯ ಸಂಚಾರವನ್ನು ತಡೆಯುತ್ತದೆ. ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಅನ್ನೇ ಮತ್ತೆ ಒಳಗೆಳೆದುಕೊಳ್ಳುವ ಸ್ಥಿತಿ ಉಂಟಾಗುತ್ತದೆ. ಆಮ್ಲಜನಕ ಇಳಿಯುತ್ತದೆ, ಪ್ರಜ್ಞೆ ತಪ್ಪುತ್ತದೆ.

ಬಾಯಿ ಮತ್ತು ಮೂಗು ಹಿಮದಿಂದ ತುಂಬಿಕೊಳ್ಳದೆ, ಮುಖದ ಮುಂದೆ ಸ್ವಲ್ಪ ಜಾಗ ಉಳಿದಿದ್ದರೆ ಈ ಪ್ರಕ್ರಿಯೆ ನಿಧಾನವಾಗುತ್ತದೆ. ಇದನ್ನು ‘ಗಾಳಿಯ ಪೊಟರೆ’ ಎನ್ನಬಹುದು. ಅರ್ಧ ಗಂಟೆಗಿಂತ ಹೆಚ್ಚು ಕಾಲ ಹಿಮದಡಿಯಿದ್ದೂ ಬದುಕುಳಿದವರಿಗೆ ಉಸಿರಿನ ದಾರಿ ತೆರೆದಿತ್ತು ಎಂಬುದು ಗಮನಿಸಬೇಕಾದ ಅಂಶ.

ನಿಮಿಷಗಳ ಲೆಕ್ಕ

1994ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಮೈಲಿಗಲ್ಲೆನಿಸಿದೆ. ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಹಿಮದಡಿ ಹೂತುಹೋಗಿದ್ದ 422 ಸ್ಕೀಯರ್‌ಗಳ ದಾಖಲೆಗಳನ್ನು ಅದರಲ್ಲಿ ಪರಿಶೀಲಿಸಲಾಗಿತ್ತು. 15 ನಿಮಿಷಗಳ ಹೊತ್ತಿಗೆ ಬದುಕುಳಿಯುವ ಸಾಧ್ಯತೆ ಶೇ 92ರಷ್ಟಿದ್ದರೆ, 35 ನಿಮಿಷಗಳ ಹೊತ್ತಿಗೆ ಅದು ಶೇ 30ಕ್ಕೆ ಕುಸಿಯುತ್ತಿತ್ತು. ಅಂದರೆ ಕೇವಲ 20 ನಿಮಿಷಗಳ ಅಂತರದಲ್ಲಿ ಮೂವರಲ್ಲಿ ಇಬ್ಬರ ಬದುಕು ಕೈತಪ್ಪುತ್ತಿತ್ತು.

2011ರಲ್ಲಿ ಕೆನಡಾದ ದಾಖಲೆಗಳನ್ನು ಸ್ವಿಟ್ಜರ್‌ಲ್ಯಾಂಡ್‌ನ ದಾಖಲೆಗಳೊಡನೆ ಹೋಲಿಸಿದಾಗ, ಈ ಅವಧಿ ಇನ್ನೂ ಕಿರಿದೆಂಬುದು ತಿಳಿದುಬಂದಿತು. ಸಾಗರದ ತೇವಾಂಶದಿಂದ ಭಾರವಾದ ಹಿಮವಿರುವ ಪ್ರದೇಶಗಳಲ್ಲಿ ಉಸಿರುಕಟ್ಟುವಿಕೆ ಬೇಗನೆ ಆರಂಭವಾಗುತ್ತದೆ. ಕಾಡು ದಟ್ಟವಾಗಿರುವಲ್ಲಿ ಮರಗಳಿಗೆ ಬಡಿದು ಆಗುವ ಗಾಯಗಳೂ ಹೆಚ್ಚು.

1981ರಿಂದ 2020ರವರೆಗಿನ ಸ್ವಿಸ್ ದಾಖಲೆಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನ ಹಳೆಯ ಲೆಕ್ಕವನ್ನು ತಿದ್ದಿತು. ಅದರ ಪ್ರಕಾರ ಶೇ 90ಕ್ಕಿಂತ ಹೆಚ್ಚು ಮಂದಿ ಬದುಕಿರುವ ಅವಧಿ 15 ನಿಮಿಷವಲ್ಲ, ಸುಮಾರು 10 ನಿಮಿಷ ಮಾತ್ರ. 10ರಿಂದ 30 ನಿಮಿಷಗಳ ನಡುವೆ ಬದುಕುಳಿಯುವ ಪ್ರಮಾಣ ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಇದೇ ಅಧ್ಯಯನದಲ್ಲಿ ಸಮಾಧಾನದ ಅಂಶವೂ ಇದೆ. ನಾಲ್ಕು ದಶಕಗಳ ಅವಧಿಯಲ್ಲಿ ಹೊರತೆಗೆಯಲು ತಗಲುವ ಸಮಯ ಸುಮಾರು 45 ನಿಮಿಷಗಳಿಂದ 25 ನಿಮಿಷಗಳಿಗೆ ತಗ್ಗಿದ್ದು, ಒಟ್ಟಾರೆ ಬದುಕುಳಿಯುವವರ ಪ್ರಮಾಣ ಏರಿದೆ.

ಈ ಅಂಕಿ-ಅಂಶಗಳ ತಾತ್ಪರ್ಯ ಸ್ಪಷ್ಟ. ದೂರವಾಣಿ ಕರೆ ತಲುಪಿ, ಹೆಲಿಕಾಪ್ಟರ್ ಮೇಲೇರಿ, ರಕ್ಷಣಾ ತಂಡ ಸ್ಥಳಕ್ಕೆ ಇಳಿಯುವಷ್ಟರಲ್ಲಿ ಮೊದಲ 10 ನಿಮಿಷಗಳು ಬಹುತೇಕ ಕಳೆದುಹೋಗಿರುತ್ತವೆ. ಆ ನಿಮಿಷಗಳು ಸಂಗಡಿಗರ ಕೈಯಲ್ಲಿ ಮಾತ್ರ ಇರುತ್ತವೆ.

ಮೂರು ಸಾಧನಗಳು

ಆಫ್ ಪೀಸ್ಟ್ ಇಳಿಯುವ ಪ್ರತಿಯೊಬ್ಬರ ಬಳಿಯೂ ಮೂರು ಸಾಧನಗಳಿರಬೇಕೆಂಬುದು ವಿಶ್ವದಾದ್ಯಂತ ಒಪ್ಪಿತವಾದ ನಿಯಮ. ಟ್ರಾನ್ಸ್‌ಸೀವರ್, ಶೋಧಕಡ್ಡಿ ಮತ್ತು ಸಲಿಕೆ.

ಟ್ರಾನ್ಸ್‌ಸೀವರ್ ಎಂಬುದು ಅಂಗೈಯಗಲದ ರೇಡಿಯೊ ಉಪಕರಣ. ಎದೆಗೆ ಕಟ್ಟಿಕೊಳ್ಳುವ ಇದು 457 ಕಿಲೋಹರ್ಟ್ಸ್ ಆವರ್ತನದಲ್ಲಿ ನಿರಂತರವಾಗಿ ಸಂಕೇತ ಕಳುಹಿಸುತ್ತಿರುತ್ತದೆ. ಯಾರಾದರೂ ಹೂತುಹೋದಾಗ ಉಳಿದವರು ತಮ್ಮ ಉಪಕರಣವನ್ನು ಶೋಧದ ಸ್ಥಿತಿಗೆ ಬದಲಿಸಿ, ದಿಕ್ಕು ಮತ್ತು ದೂರವನ್ನು ತೋರುವ ಸೂಚನೆಯನ್ನು ಅನುಸರಿಸಿ ಹತ್ತಿರವಾಗುತ್ತಾರೆ. ಇದರ ವ್ಯಾಪ್ತಿ ಕೆಲವು ಹತ್ತು ಮೀಟರ್‌ಗಳಷ್ಟೇ. ಮೊಬೈಲ್ ಫೋನ್ ಸಮೀಪವಿದ್ದರೆ ಸಂಕೇತಕ್ಕೆ ಅಡ್ಡಿಯಾಗುವುದರಿಂದ, ಸಾಮಾನ್ಯ ಸಂಚಾರದ ವೇಳೆ ಕನಿಷ್ಠ 20 ಸೆಂಟಿಮೀಟರ್, ಶೋಧದ ವೇಳೆ 50 ಸೆಂಟಿಮೀಟರ್ ಅಂತರ ಕಾಯ್ದುಕೊಳ್ಳಬೇಕು.

ಸಂಕೇತ ಅತ್ಯಂತ ಪ್ರಬಲವಾಗಿರುವ ಜಾಗ ಸಿಕ್ಕೊಡನೆ ಶೋಧಕಡ್ಡಿಯ ಸರದಿ. ಮಡಚಿ ಇಡಬಹುದಾದ ಇದನ್ನು ಬಿಡಿಸಿದರೆ ಎರಡೂವರೆಯಿಂದ ಮೂರು ಮೀಟರ್ ಉದ್ದವಾಗುತ್ತದೆ. ಆ ಜಾಗವನ್ನು ಕೇಂದ್ರವಾಗಿಸಿ, ಸುರುಳಿಯಾಕಾರದಲ್ಲಿ ಸುಮಾರು 25 ಸೆಂಟಿಮೀಟರ್‌ಗೊಮ್ಮೆ ಹಿಮಕ್ಕೆ ಚುಚ್ಚುತ್ತ ಹೋಗಬೇಕು. ದೇಹಕ್ಕೆ ತಗುಲಿದ ಕಡ್ಡಿಯನ್ನು ಮತ್ತೆ ಹೊರಗೆಳೆಯಬಾರದು. ಅಗೆಯುವವರಿಗೆ ಅದೇ ಗುರುತು.

ಅತಿ ಹೆಚ್ಚು ಸಮಯ ತಿನ್ನುವುದು ಅಗೆತ. ಒಂದು ಮೀಟರ್ ಆಳದಲ್ಲಿರುವ ವ್ಯಕ್ತಿಯನ್ನು ತಲುಪಲು ಒಂದು ಟನ್‌ಗೂ ಹೆಚ್ಚು ಹಿಮವನ್ನು ಸರಿಸಬೇಕಾಗುತ್ತದೆ. ಬರಿಗೈಯಿಂದಾಗಲೀ ಸ್ಕೀ ಹಲಗೆಯಿಂದಾಗಲೀ ಇದು ಆಗುವ ಕೆಲಸವಲ್ಲ. ಲೋಹದ ಸಲಿಕೆಯೇ ಬೇಕು. ಕಡ್ಡಿಯ ನೇರಕ್ಕೆ ಬಾವಿಯಂತೆ ತೋಡುವುದು ತಪ್ಪು. ಇಳಿಜಾರಿನ ಕೆಳಬದಿಯಿಂದ, ಹೂತ ಆಳದ ಸುಮಾರು ಒಂದೂವರೆ ಪಟ್ಟು ದೂರದಲ್ಲಿ ಆರಂಭಿಸಿ, ವ್ಯಕ್ತಿಯತ್ತ ಓರೆಯಾಗಿ ಅಗೆಯಬೇಕು. ಹೆಚ್ಚು ಜನರಿದ್ದರೆ ಕೋನಾಕಾರದಲ್ಲಿ ನಿಂತು, ಮುಂದಿದ್ದವರು ಕಡಿದ ಹಿಮವನ್ನು ಹಿಂದಿದ್ದವರು ಹಿಂದಕ್ಕೆ ತಳ್ಳಬೇಕು. ಮುಂಚೂಣಿಯಲ್ಲಿರುವವರು ಆಗಾಗ ಬದಲಾಗುತ್ತಿದ್ದರೆ ವೇಗ ಕುಗ್ಗುವುದಿಲ್ಲ.

ಈ ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡರಿಂದ ಪ್ರಯೋಜನ ಕಡಿಮೆ. ಮೂರೂ ಇದ್ದು ಬಳಸಿ ಅಭ್ಯಾಸವಿಲ್ಲದಿದ್ದರೆ ಅದೂ ವ್ಯರ್ಥ. ಆದುದರಿಂದಲೇ ಪ್ರತಿ ಚಳಿಗಾಲದ ಆರಂಭದಲ್ಲಿ ಅಭ್ಯಾಸ ನಡೆಸುವುದು ಕಡ್ಡಾಯವೆಂದು ತರಬೇತುದಾರರು ಹೇಳುತ್ತಾರೆ.

ಗಾಳಿಚೀಲದ ನೆರವು

ಲೆಖ್ ದುರಂತದ ಎರಡೇ ದಿನಗಳ ನಂತರ, 2012ರ ಫೆಬ್ರುವರಿ 19ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ಬಳಿಯ ಟನಲ್ ಕ್ರೀಕ್ ಎಂಬಲ್ಲಿ ಮತ್ತೊಂದು ಹಿಮಕುಸಿತ ಸಂಭವಿಸಿತು. 16 ಮಂದಿಯ ಆ ತಂಡದಲ್ಲಿದ್ದವರು ಅನನುಭವಿಗಳಲ್ಲ. ಹಲವರು ಸ್ಕೀಯಿಂಗ್ ಅನ್ನೇ ವೃತ್ತಿಯಾಗಿಸಿಕೊಂಡವರು. ಮೂವರು ಮೃತಪಟ್ಟರು. ಅವರಂತೆಯೇ ಕಣಿವೆಯ ತಳದವರೆಗೂ ಕೊಚ್ಚಿಹೋದ ವೃತ್ತಿಪರ ಸ್ಕೀಯರ್ ಎಲೈಸ್ ಸಾಗ್‌ಸ್ಟಾಡ್ ಬದುಕುಳಿದರು. ಅವರು ಗಾಳಿಚೀಲವನ್ನು ತೆರೆದಿದ್ದರು. ಹಿಮದಿಂದ ಹೊರಗೆ ಕಾಣುತ್ತಿದ್ದ ಅವರ ಕೈಗಳು ಸಂಗಡಿಗರ ಕಣ್ಣಿಗೆ ಬಿದ್ದವು. ಈ ದುರಂತವನ್ನು ಕುರಿತು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಪ್ರಕಟವಾದ ಜಾನ್ ಬ್ರಾಂಚ್ ಅವರ ವರದಿಗೆ 2013ರಲ್ಲಿ ಪುಲಿಟ್ಜರ್ ಪ್ರಶಸ್ತಿ ಲಭಿಸಿತು.

ಗಾಳಿಚೀಲ ಕೆಲಸ ಮಾಡುವ ತತ್ವ ಸರಳ. ಡಬ್ಬಿಯಲ್ಲಿನ ಒಗ್ಗರಣೆ ಅವಲಕ್ಕಿಯನ್ನು ಕುಲುಕಿದಾಗ ಕೊಬ್ಬರಿಯ ದೊಡ್ಡ ಚೂರುಗಳು ಮೇಲಕ್ಕೂ ಪುಡಿ ತಳಕ್ಕೂ ಹೋಗುವುದನ್ನು ಎಲ್ಲರೂ ಕಂಡಿರುತ್ತಾರೆ. ಚಲಿಸುತ್ತಿರುವ ಹಿಮದಲ್ಲಿಯೂ ಗಾತ್ರದಲ್ಲಿ ದೊಡ್ಡದಾದದ್ದು ಮೇಲಕ್ಕೆ ಬರುತ್ತದೆ. ಹೆಗಲ ಪಟ್ಟಿಯಲ್ಲಿರುವ ಹಿಡಿಯನ್ನು ಎಳೆದೊಡನೆ ಬೆನ್ನುಚೀಲದಿಂದ ಉಬ್ಬುವ ಗಾಳಿಚೀಲ ವ್ಯಕ್ತಿಯ ಗಾತ್ರವನ್ನು ಹಿಗ್ಗಿಸಿ ಮೇಲ್ಮೈಯಲ್ಲಿ ಉಳಿಯುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಜರ್ಮನಿಯಲ್ಲಿ 1980ರ ದಶಕದಲ್ಲಿ ಇದು ಮಾರುಕಟ್ಟೆಗೆ ಬಂದಿತು.

ಗಂಭೀರವಾಗಿ ಸಿಲುಕಿದವರಲ್ಲಿ ಸಾವಿನ ಪ್ರಮಾಣವನ್ನು ಉಬ್ಬಿದ ಗಾಳಿಚೀಲ ಶೇ 22ರಿಂದ ಶೇ 11ಕ್ಕೆ ಇಳಿಸುತ್ತದೆಂದು 2014ರ ಅಧ್ಯಯನವೊಂದು ತಿಳಿಸಿದೆ. ಅಂದರೆ ಇದು ಅರ್ಧದಷ್ಟು ಜೀವಗಳನ್ನು ಉಳಿಸಬಲ್ಲದೇ ಹೊರತು ಎಲ್ಲವನ್ನೂ ಅಲ್ಲ. ಅದೇ ಅಧ್ಯಯನದಲ್ಲಿ ಸುಮಾರು ಐದರಲ್ಲಿ ಒಂದು ಪ್ರಕರಣದಲ್ಲಿ ಚೀಲ ಉಬ್ಬಿರಲೇ ಇಲ್ಲ. ಹಿಡಿಯನ್ನು ಎಳೆಯಲಾಗದಿದ್ದುದೇ ಇದಕ್ಕೆ ಮುಖ್ಯ ಕಾರಣವಾಗಿತ್ತು. ಮರ, ಬಂಡೆಗಳಿರುವ ಇಳಿಜಾರಿನಲ್ಲಿ ಗಾಯಗಳಿಂದ ಅದು ರಕ್ಷಣೆ ನೀಡದು.

ಸಿಲುಕಿದವರು ಮಾಡಬಹುದಾದದ್ದು

ಹಿಮ ಚಲಿಸತೊಡಗಿದ ಮೊದಲ ಕ್ಷಣಗಳಲ್ಲಿ ಮಾತ್ರ ಸಿಲುಕಿದವರ ಕೈಯಲ್ಲಿ ಏನಾದರೂ ಇರುತ್ತದೆ. ಕೂಗಿ ಸಂಗಡಿಗರನ್ನು ಎಚ್ಚರಿಸುವುದು, ಸಾಧ್ಯವಾದರೆ ವೇಗವನ್ನು ಉಳಿಸಿಕೊಂಡು ಓರೆಯಾಗಿ ಪಕ್ಕಕ್ಕೆ ಜಾರಿಹೋಗುವುದು, ಆಗದಿದ್ದಲ್ಲಿ ಗಾಳಿಚೀಲದ ಹಿಡಿಯನ್ನು ಎಳೆಯುವುದು ಮೊದಲ ಕರ್ತವ್ಯ. ಸ್ಕೀ ಹಲಗೆಗಳು ಹಾಗೂ ಕೈಕೋಲುಗಳು ಲಂಗರಿನಂತೆ ಕೆಳಕ್ಕೆ ಎಳೆಯುವುದರಿಂದ ಅವುಗಳಿಂದ ಬಿಡಿಸಿಕೊಳ್ಳಬೇಕು. ಇಳಿಯುವ ಮುನ್ನವೇ ಕೋಲಿನ ಪಟ್ಟಿಗಳನ್ನು ಮಣಿಕಟ್ಟಿನಿಂದ ತೆಗೆದಿರುವುದು ಒಳಿತು.

ಹಿಮದ ವೇಗ ತಗ್ಗುತ್ತಿದ್ದಂತೆ ಎರಡೂ ಕೈಗಳನ್ನು, ಅಥವಾ ಕನಿಷ್ಠ ಒಂದನ್ನಾದರೂ, ಮುಖದ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ಹಿಮ ನಿಂತ ಮೇಲೆ ಇದು ಸಾಧ್ಯವಿಲ್ಲ. ಬಾಯಿಯನ್ನು ಮುಚ್ಚಿಕೊಂಡಿರುವುದು ಅಗತ್ಯ. ಎಂಜಲು ಹರಿಯುವ ದಿಕ್ಕನ್ನು ನೋಡಿ ಮೇಲ್ಭಾಗ ಯಾವುದೆಂದು ತಿಳಿದು ಅತ್ತ ಅಗೆಯಬೇಕೆಂಬ ಸಲಹೆ ಪ್ರಚಲಿತದಲ್ಲಿದೆ. ಕೈಕಾಲು ಕದಲಿಸಲಾಗದ ಸ್ಥಿತಿಯಲ್ಲಿ ದಿಕ್ಕು ತಿಳಿದೂ ಪ್ರಯೋಜನವಿಲ್ಲ. ಮೇಲಿರುವವರ ದನಿ ಒಳಗಿನವರಿಗೆ ಕೇಳಿಸುವುದುಂಟು. ಆದರೆ ಒಳಗಿನವರ ಕೂಗು ಮೇಲಕ್ಕೆ ಬಹುತೇಕ ತಲುಪುವುದಿಲ್ಲ. ಆದ್ದರಿಂದ ಕೂಗಾಡಿ ಉಸಿರನ್ನು ವ್ಯಯಿಸದೆ ಶಾಂತವಾಗಿರುವುದೇ ಉಳಿದಿರುವ ಏಕೈಕ ಉಪಾಯ.

ಹೊರತೆಗೆದ ಬಳಿಕ

ಅಗೆಯುವಾಗ ಮೊದಲು ತಲೆ ಹಾಗೂ ಎದೆಯ ಭಾಗವನ್ನು ಬಿಡಿಸಿ, ಬಾಯಿ-ಮೂಗುಗಳಲ್ಲಿನ ಹಿಮವನ್ನು ತೆಗೆಯಬೇಕು. ಉಸಿರಾಟ ನಿಂತಿದ್ದರೆ, ಇಡೀ ದೇಹ ಹೊರಬರುವವರೆಗೆ ಕಾಯದೆ ಕೃತಕ ಉಸಿರಾಟವನ್ನು ಆರಂಭಿಸಬೇಕು. ಇಲ್ಲಿ ಹೃದಯ ನಿಂತಿರುವುದು ಆಮ್ಲಜನಕದ ಕೊರತೆಯಿಂದ. ಹೀಗಾಗಿ ಎದೆಯನ್ನು ಒತ್ತುವುದರ ಜತೆಗೆ ಬಾಯಿಯ ಮೂಲಕ ಉಸಿರು ನೀಡುವುದೂ ಅತ್ಯಗತ್ಯವೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ.

ಒಂದು ಗಂಟೆಗೂ ಹೆಚ್ಚು ಕಾಲ ಹೂತಿದ್ದವರ ವಿಷಯದಲ್ಲಿ ಲೆಕ್ಕ ಬದಲಾಗುತ್ತದೆ. ಉಸಿರಿನ ದಾರಿ ತೆರೆದಿದ್ದು, ದೇಹದ ಒಳ ಉಷ್ಣಾಂಶ 30 ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗಿಳಿದಿದ್ದರೆ, ಹೃದಯ ನಿಂತಿರುವುದು ಚಳಿಯ ಕಾರಣದಿಂದಲೂ ಇರಬಹುದು. ತಣಿದ ಮಿದುಳಿಗೆ ಆಮ್ಲಜನಕದ ಅಗತ್ಯ ಬಹಳ ಕಡಿಮೆ. ಅಂತಹವರನ್ನು ಸತ್ತರೆಂದು ಬಿಡದೆ, ರಕ್ತವನ್ನು ದೇಹದ ಹೊರಗೆ ಬೆಚ್ಚಗಾಗಿಸಿ ಮರಳಿಸುವ ಯಂತ್ರವಿರುವ ಆಸ್ಪತ್ರೆಗೆ ಸಾಗಿಸಬೇಕು. ದೇಹವನ್ನು ಒರಟಾಗಿ ಅಲುಗಾಡಿಸಿದರೆ ತಣಿದ ಹೃದಯದ ಲಯ ತಪ್ಪುವ ಅಪಾಯವಿದೆ.

ಚಳಿ ಜೀವವನ್ನು ಕಾಪಾಡಬಲ್ಲದು ಎಂಬುದಕ್ಕೆ ನಾರ್ವೆಯ ಪ್ರಕರಣವೊಂದು ಪ್ರಸಿದ್ಧ ನಿದರ್ಶನ. ಅದು ಹಿಮಕುಸಿತವಲ್ಲದಿದ್ದರೂ ಸ್ಕೀಯಿಂಗ್ ವೇಳೆ ಸಂಭವಿಸಿದ ಅವಘಡವೇ. 1999ರ ಮೇ 20ರಂದು ನಾರ್ವಿಕ್ ಬಳಿ ಸ್ವೀಡನ್ನಿನ ವೈದ್ಯೆ ಆನಾ ಬೋಗನ್‌ಹೋಲ್ಮ್ ಅವರು ಜಾರಿಬಿದ್ದು, ತೊರೆಯ ಮೇಲಿನ ಮಂಜುಗಡ್ಡೆಯ ಅಡಿಯಲ್ಲಿ ಸಿಲುಕಿದರು. ಗಾಳಿಯ ಪೊಟರೆಯೊಂದು ಸಿಕ್ಕಿದ್ದರಿಂದ ಸುಮಾರು 40 ನಿಮಿಷ ಪ್ರಜ್ಞೆಯಿಂದಿದ್ದರು. 80 ನಿಮಿಷಗಳ ನಂತರ ಹೊರತೆಗೆದಾಗ ಹೃದಯ ನಿಂತಿತ್ತು. ದೇಹದ ಉಷ್ಣಾಂಶ 13.7 ಡಿಗ್ರಿಗೆ ಇಳಿದಿತ್ತು. ಟ್ರೊಮ್ಸೊ ನಗರದ ಆಸ್ಪತ್ರೆಯ ವೈದ್ಯರು ಅವರನ್ನು ಬದುಕಿಸಿದರು. ಅವರ ದೇಹ ಮೊದಲು ತಣಿದು, ಹೃದಯ ಆಮೇಲೆ ನಿಂತಿತ್ತು. ಫ್ರಿಸೊ ಅವರ ವಿಷಯದಲ್ಲಿ ದೇಹ ತಣಿಯುವ ಮೊದಲೇ ಆಮ್ಲಜನಕ ಮುಗಿದಿತ್ತು. ಇಬ್ಬರ ಗತಿ ಬೇರೆಯಾದದ್ದು ಇದರಿಂದಲೇ.

ಭಾರತದಲ್ಲಿ

ಭಾರತದಲ್ಲಿ ಆಫ್ ಪೀಸ್ಟ್ ಸ್ಕೀಯಿಂಗ್‌ಗೆ ಹೆಸರಾದ ಸ್ಥಳ ಕಾಶ್ಮೀರದ ಗುಲ್ಮಾರ್ಗ್. ಅಫರ್ವಾಟ್ ಪರ್ವತದ ಮೇಲೆ ಸುಮಾರು 13,000 ಅಡಿ ಎತ್ತರದವರೆಗೆ ಒಯ್ಯುವ ಗಂಡೋಲಾ ಇರುವುದರಿಂದ, ಚಾರಣದ ಶ್ರಮವಿಲ್ಲದೆಯೇ ಅಪಾಯದ ಇಳಿಜಾರುಗಳ ನೆತ್ತಿಯನ್ನು ತಲುಪಬಹುದು. 2010ರ ಫೆಬ್ರುವರಿ 8ರಂದು ಇಲ್ಲಿನ ಖಿಲನ್‌ಮಾರ್ಗ್‌ನಲ್ಲಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲಿನ ತರಬೇತಿ ತಂಡದ ಮೇಲೆ ಹಿಮ ಕುಸಿದು 17 ಯೋಧರು ಮೃತಪಟ್ಟರು. 2023ರ ಫೆಬ್ರುವರಿ 1ರಂದು ಅಫರ್ವಾಟ್ ಇಳಿಜಾರಿನಲ್ಲಿ ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು, 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬ ಸ್ಕೀಯರ್ ಸಾವನ್ನಪ್ಪಿದರು. ಎರಡೂ ಸಂದರ್ಭಗಳಲ್ಲಿ ಉಳಿದವರನ್ನು ರಕ್ಷಿಸಲಾಯಿತು.

ಸ್ಕೀಯಿಂಗ್ ಮಾತ್ರವಲ್ಲದೆ ಪರ್ವತಾರೋಹಣದಲ್ಲಿಯೂ ಇದೇ ಅಪಾಯವಿದೆ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ಹಿಮಕುಸಿತಕ್ಕೆ ಸಿಲುಕಿತು. 27 ಮಂದಿಯ ಶವಗಳು ದೊರೆತವು. ಬಲಿಯಾದವರಲ್ಲಿ ಬೆಂಗಳೂರಿನವರೂ ಇದ್ದರು.

ಹಿಮಕುಸಿತದ ಮುನ್ಸೂಚನೆಗಾಗಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಅಧೀನದಲ್ಲಿ 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಸ್ಥಾಪನೆಯಾಯಿತು. 2020ರಲ್ಲಿ ಅದನ್ನು ಮತ್ತೊಂದು ಪ್ರಯೋಗಾಲಯದೊಡನೆ ವಿಲೀನಗೊಳಿಸಿ ಡಿಫೆನ್ಸ್ ಜಿಯೋಇನ್ಫರ್ಮ್ಯಾಟಿಕ್ಸ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಎಂದು ಹೆಸರಿಸಲಾಯಿತು. ಚಂಡೀಗಢದಲ್ಲಿರುವ ಈ ಸಂಸ್ಥೆ ಹಿಮಾಲಯದ ಪ್ರದೇಶಗಳಿಗೆ ಮುನ್ಸೂಚನೆಗಳನ್ನು ಹೊರಡಿಸುತ್ತದೆ.

ಹನುಮಂತಪ್ಪ ಕೊಪ್ಪದ: ಅಪವಾದವೇ ಹೊರತು ನಿಯಮವಲ್ಲ

ಕನ್ನಡಿಗರ ಮನದಲ್ಲಿ ಹಿಮಕುಸಿತ ಎಂದೊಡನೆ ಮೂಡುವ ಹೆಸರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರದು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೇನಾ ಠಾಣೆಯ ಮೇಲೆ ಹಿಮರಾಶಿ ಬಿದ್ದು ಮದ್ರಾಸ್ ರೆಜಿಮೆಂಟ್‌ನ 10 ಯೋಧರು ಹೂತುಹೋದರು. ಸೇನಾ ಸಿಬ್ಬಂದಿ ಮಂಜುಗಡ್ಡೆ ಕತ್ತರಿಸುವ ಯಂತ್ರಗಳು ಹಾಗೂ ಶ್ವಾನಗಳೊಡನೆ ಶೋಧ ಮುಂದುವರಿಸಿ, ಆರನೆಯ ದಿನ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಅವರನ್ನು ಜೀವಂತವಾಗಿ ಹೊರತೆಗೆದರು. ಉಳಿದ ಒಂಬತ್ತು ಮಂದಿ ಮೃತಪಟ್ಟಿದ್ದರು. ನಾಡಿನಾದ್ಯಂತ ಪ್ರಾರ್ಥನೆಗಳು ನಡೆದವು. ಆದರೆ ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಅಷ್ಟು ದಿನ ಅವರ ಉಸಿರು ಉಳಿದದ್ದಕ್ಕೆ ಡೇರೆಯೊಳಗೆ ನಿರ್ಮಾಣವಾಗಿದ್ದ ಗಾಳಿಯ ಪೊಟರೆ ಕಾರಣವೆಂದು ಆಗ ವರದಿಯಾಯಿತು. ಬಯಲಿನಲ್ಲಿ ಕೊಚ್ಚಿಹೋಗುವ ಸ್ಕೀಯರ್‌ಗೆ ಅಂತಹ ಆಸರೆ ಇರುವುದಿಲ್ಲ. ಕರ್ತವ್ಯದ ಮೇಲಿದ್ದ ಯೋಧನಿಗೆ ಸ್ಥಳವನ್ನು ಆಯ್ದುಕೊಳ್ಳುವ ಅವಕಾಶವೂ ಇರಲಿಲ್ಲ. ಮನರಂಜನೆಗಾಗಿ ಇಳಿಯುವವರಿಗೆ ಆ ಅವಕಾಶವಿದೆ.

ಹೊರಡುವ ಮುನ್ನ

ಮುನ್ಸೂಚನೆಯನ್ನು ಓದುವುದು ಮೊದಲ ಹೆಜ್ಜೆ. ಯುರೋಪಿನ ಅನುಭವದ ಪ್ರಕಾರ ಸಾವುಗಳು ಅತಿ ಹೆಚ್ಚು ಸಂಭವಿಸುವುದು ಐದನೆಯ ಹಂತದಲ್ಲಲ್ಲ, ಮೂರನೆಯ ಹಂತದಲ್ಲಿ. ಅತಿ ಅಪಾಯದ ದಿನ ಜನ ಮನೆಯಲ್ಲಿಯೇ ಉಳಿಯುತ್ತಾರೆ. ಮಧ್ಯಮ ಸಂಖ್ಯೆಯನ್ನು ಕಂಡವರು ಅದನ್ನು ಸುರಕ್ಷಿತವೆಂದು ತಪ್ಪಾಗಿ ಭಾವಿಸುತ್ತಾರೆ. ಭಾರಿ ಹಿಮ ಬಿದ್ದ ನಂತರದ ಒಂದೆರಡು ದಿನಗಳು, ಗಾಳಿ ಹಿಮವನ್ನು ತಂದು ಗುಡ್ಡೆಹಾಕಿದ ಇಳಿಜಾರುಗಳು, ಕಾಲಿಟ್ಟಾಗ ‘ಧುಪ್’ ಎಂದು ಕುಸಿಯುವ ಸದ್ದು, ಸ್ಕೀ ತುದಿಯಿಂದ ಓಡುವ ಬಿರುಕುಗಳು ಮತ್ತು ಸಮೀಪದಲ್ಲಿ ಆಗಷ್ಟೇ ಬಿದ್ದ ಹಿಮದ ಕುರುಹುಗಳು ಸ್ಪಷ್ಟ ಎಚ್ಚರಿಕೆಗಳು.

ಸ್ಥಳೀಯ ಹಿಮವನ್ನು ಬಲ್ಲ ಮಾರ್ಗದರ್ಶಿಯಿಲ್ಲದೆ ಗಡಿ ದಾಟಬಾರದು. ಹೊರಡುವಾಗಲೇ ಎಲ್ಲರ ಟ್ರಾನ್ಸ್‌ಸೀವರ್‌ಗಳನ್ನು ಪರೀಕ್ಷಿಸಿ, ಬ್ಯಾಟರಿ ನೋಡಿಕೊಳ್ಳಬೇಕು. ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ ಇಳಿಯಬೇಕು. ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ಇಳಿಯುವವರನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಒಬ್ಬರು ಸಿಲುಕಿದರೆ ಅಗೆಯಲು ಉಳಿದವರು ಇರಬೇಕೆಂಬುದೇ ಈ ನಿಯಮದ ಉದ್ದೇಶ. ಕೊನೆಯ ಬಾರಿ ಕಂಡ ಜಾಗವನ್ನು ನೆನಪಿಟ್ಟವರು ಶೋಧದ ಅಮೂಲ್ಯ ನಿಮಿಷಗಳನ್ನು ಉಳಿಸುತ್ತಾರೆ.

ಬಾಡಿಗೆಗೆ ಸಿಗುವ ಸ್ಕೀ ಹಲಗೆಗಳ ಜತೆಗೆ ಟ್ರಾನ್ಸ್‌ಸೀವರ್, ಶೋಧಕಡ್ಡಿ, ಸಲಿಕೆಗಳೂ ಇವೆಯೇ ಎಂದು ಕೇಳುವುದು, ಅವುಗಳ ಬಳಕೆಯನ್ನು ಅರ್ಧ ದಿನ ವ್ಯಯಿಸಿ ಕಲಿಯುವುದು ದೊಡ್ಡ ಖರ್ಚಿನ ಮಾತಲ್ಲ. ಅವು ಸಿಗದಿದ್ದಲ್ಲಿ ಅಥವಾ ಸಂಗಡಿಗರಿಗೆ ಬಳಸಲು ಬಾರದಿದ್ದಲ್ಲಿ, ಆ ದಿನ ಗುರುತು ಹಾಕಿದ ಮಾರ್ಗದಲ್ಲಿಯೇ ಉಳಿಯುವುದು ಕ್ಷೇಮ.